ಲ್ಯಾಬ್ ಸಿಬ್ಬಂದಿಗೆ ಎರಡು ದಿನ ಕೊಡಿ

ಸಂಪಾದಕರೇ,

ನಾನು ಕಾಲೇಜೊಂದರ ಲಿನಕ್ಸ್ ಲ್ಯಾಬ್ ನೋಡಿಕೊಳ್ಳುವವನು. 40 ಕಂಪ್ಯೂಟರ್‌ಗಳಿವೆ. ಮೊದಲೆಲ್ಲ ಒಂದೊಂದರ ಮುಂದೆಯೂ ಕೂತು ಅದೇ ಪಾಸ್‌ವರ್ಡ್, ಅದೇ ಕಮಾಂಡ್ ಹೊಡೆಯುತ್ತಿದ್ದೆ. 20ನೆಯದಕ್ಕೆ ಬರುವಷ್ಟರಲ್ಲಿ ಯಾವುದು ಮುಗಿದಿದೆ, ಯಾವುದು ಬಾಕಿ ಎಂಬುದೇ ಮರೆತುಹೋಗುತ್ತಿತ್ತು.

ಈಗ 15 ಸಾಲಿನ ಶೆಲ್ ಸ್ಕ್ರಿಪ್ಟ್ ಇದೆ, ಅಂದರೆ ಕಮಾಂಡ್‌ಗಳನ್ನೆಲ್ಲ ಸಾಲಾಗಿ ಬರೆದಿಟ್ಟ ಫೈಲ್. ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಹೊಡೆಯದೆ ಬೇರೆ ಮಷಿನ್‌ಗೆ ಲಾಗಿನ್ ಆಗಲು ಬಳಸುವ ಕೀಲಿ ಫೈಲ್) ಬಳಸಿ ಪ್ರತಿ ಮಷಿನ್‌ಗೂ ಹೋಗಿ ಅಪ್‌ಡೇಟ್ ಮಾಡುತ್ತದೆ. ಡಿಸ್ಕ್ ಶೇಕಡಾ 90 ತುಂಬಿದ್ದರೆ ಲಾಗ್‌ನಲ್ಲಿ, ಅಂದರೆ ದಾಖಲೆ ಫೈಲ್‌ನಲ್ಲಿ, ಬರೆದಿಡುತ್ತದೆ. ಹೇಳಿದ ಹೊತ್ತಿಗೆ ತಾನಾಗಿ ಕೆಲಸ ಶುರುಮಾಡುವ ಕ್ರಾನ್‌ನಲ್ಲಿ ಮೊದಲು ರಾತ್ರಿ 2 ಗಂಟೆಗೆ ಇಟ್ಟಿದ್ದೆ. ಆಗ ಮಷಿನ್‌ಗಳೆಲ್ಲ ಆಫ್ ಆಗಿರುತ್ತವೆ ಅಲ್ವಾ! ಬೆಳಿಗ್ಗೆ ಲಾಗ್ ನೋಡಿ ನಗು ಬಂತು. ಈಗ ಸಂಜೆ 5ಕ್ಕೆ ಓಡುತ್ತದೆ.

ಒಮ್ಮೆ ಮಾತ್ರ ನಗು ಬರಲಿಲ್ಲ. ಹಳೆಯ ಫೈಲ್ ಅಳಿಸುವ ಸಾಲಿನಲ್ಲಿ ಯಾವ ಫೋಲ್ಡರ್ ಎಂದು ಹೇಳುವ ವೇರಿಯೇಬಲ್‌ನ ಹೆಸರಿನ ಒಂದಕ್ಷರ ತಪ್ಪಿತ್ತು. ಕಮಾಂಡ್‌ಗಳನ್ನು ಓಡಿಸುವ ಶೆಲ್ ಅದನ್ನು ಸುಮ್ನೆ ಖಾಲಿ ಎಂದುಕೊಂಡಿತು. ಒಂದು ಫೋಲ್ಡರ್ ಬದಲು ಎಲ್ಲರ ಸ್ವಂತ ಫೈಲ್‌ಗಳಿರುವ ಹೋಮ್ ಫೋಲ್ಡರ್‌ಗೇ ಕೈಹಾಕಿತು. ಪುಣ್ಯಕ್ಕೆ ಒಂದೇ ಮಷಿನ್‌ನಲ್ಲಿ ಪರೀಕ್ಷಿಸುತ್ತಿದ್ದೆ. ಅಂದಿನಿಂದ ಸ್ಕ್ರಿಪ್ಟ್‌ನ ಶುರುವಿನಲ್ಲೇ ‘ಸೆಟ್ -ಯು’ (set -u) ಬರೆಯುತ್ತೇನೆ. ಗೊತ್ತಿಲ್ಲದ ವೇರಿಯೇಬಲ್ ಸಿಕ್ಕರೆ ಕೆಲಸ ಅಲ್ಲೇ ನಿಲ್ಲುತ್ತದೆ.

ಹೊಸ ಕಂಪ್ಯೂಟರ್ ಕೊಳ್ಳಲು ಕಾಲೇಜುಗಳಿಗೆ ಉತ್ಸಾಹ ಜಾಸ್ತಿ. ಇದನ್ನೆಲ್ಲ ಕಲಿಯಲು ನಮ್ಮಂಥವರಿಗೆ ಎರಡು ದಿನದ ಬಿಡುವು ಸಿಗುವುದಿಲ್ಲ. ಅದನ್ನು ಕೊಡಲಿ ಎಂಬುದೇ ನನ್ನ ಮನವಿ.

– ಒಬ್ಬ ಲ್ಯಾಬ್ ಸಹಾಯಕ