ಹರಳಿನ ಆಕಾರ ಬೇರೆ, ಕಟಿಂಗ್ ಬೇರೆ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಹರಳುಗಳ ಕಟಿಂಗ್ ಬಗ್ಗೆ ಒಂದು ಪುಟ ಬಂದಿತ್ತು. ದುಂಡು, ಮೊಟ್ಟೆ, ಹನಿ, ಹೃದಯ, ಚೌಕ ಅಂತ ಹತ್ತು ಚಿತ್ರ ಹಾಕಿ, ನಿಮಗೆ ಇಷ್ಟವಾದ ಕಟಿಂಗ್ ಆರಿಸಿಕೊಳ್ಳಿ ಎಂದು ಬರೆದಿದ್ದಿರಿ. ಚಿತ್ರಗಳು ಚೆನ್ನಾಗಿದ್ದವು. ಆದರೆ ಆ ಹತ್ತೂ ಬರೀ ಆಕಾರಗಳು, ಕಟಿಂಗ್ ಅಲ್ಲ. ನಾನು 28 ವರ್ಷ ಹರಳಿಗೆ ಸಾಣೆ ಹಿಡಿದವಳು. ಕಣ್ಣು ಮಂಜಾದ ಮೇಲೆ ಕೆಲಸ ಬಿಟ್ಟೆ. ಇವೆರಡೂ ಒಂದೇ ಅಂತ ಜನ ತಿಳಿದುಕೊಂಡರೆ ನಷ್ಟ ಕೊಳ್ಳುವವರಿಗೇ. ಅದಕ್ಕೇ ಈ ಪತ್ರ.

ಆಕಾರ ಅಂದರೆ ಹರಳನ್ನು ಮೇಲಿನಿಂದ ನೋಡಿದಾಗ ಕಾಣುವ ಅಂಚು. ಅಷ್ಟೇ. ಕಟಿಂಗ್ ಅಂದರೆ ಅದರ ಮೈಮೇಲೆ ಎಷ್ಟು ಮುಖಗಳಿವೆ, ಒಂದೊಂದೂ ಯಾವ ಓರೆಯಲ್ಲಿದೆ, ಕೆಳಭಾಗ ಎಷ್ಟು ಆಳವಾಗಿದೆ ಅನ್ನುವುದು. ಒಂದೇ ಮೊಟ್ಟೆಯಾಕಾರದ ಹರಳನ್ನು ಮುಖಗಳೇ ಇಲ್ಲದೆ ಗುಮ್ಮಟದ ಹಾಗೆ ನುಣ್ಣಗೆ ಮಾಡಬಹುದು. ಇದಕ್ಕೆ ಕ್ಯಾಬೊಶಾನ್ ಅನ್ನುತ್ತಾರೆ. ಅಂಚಿಗೆ ಸಮನಾಗಿ ಉದ್ದುದ್ದ ಮುಖಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬಹುದು. ಇಲ್ಲವೇ ತ್ರಿಕೋನ, ಗಾಳಿಪಟದ ಆಕಾರದ ಸಣ್ಣ ಸಣ್ಣ ಮುಖ ಕೊಟ್ಟು ಮಿನುಗಿಸಬಹುದು. ಇದು ಬ್ರಿಲಿಯಂಟ್ ಕಟ್. ಅಂಚು ಒಂದೇ ಆದರೂ ಮೂರೂ ಬೇರೆ ಬೇರೆ ಹರಳಿನ ಹಾಗೆ ಕಾಣುತ್ತವೆ.

ಹರಳು ಹೊಳೆಯುವುದು ಕೆಳಭಾಗದಿಂದ. ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. ಮೇಲಿನಿಂದ ಒಳಗೆ ಹೋದ ಬೆಳಕು ಕೆಳಗಿನ ಓರೆ ಮುಖಕ್ಕೆ ಬಡಿದು, ಎದುರಿನ ಮುಖಕ್ಕೆ ಹಾರಿ, ಮತ್ತೆ ಮೇಲಕ್ಕೆ ಬರಬೇಕು. ಓರೆ ಸಾಲದಿದ್ದರೆ ಬೆಳಕು ಕೆಳಗಿನಿಂದಲೇ ಸೋರಿ ಹೋಗುತ್ತದೆ. ಆಗ ಹರಳಿನ ನಡು ತೊಳೆದಿಟ್ಟ ಗಾಜಿನ ಹಾಗೆ ಖಾಲಿ ಖಾಲಿ. ಕೆಲಸದವರು ಅದನ್ನು ಕಿಟಕಿ ಅನ್ನುತ್ತಾರೆ.

ಎಷ್ಟು ಓರೆ ಬೇಕು ಅನ್ನುವುದು ಕಲ್ಲಿನಿಂದ ಕಲ್ಲಿಗೆ ಬದಲಾಗುತ್ತದೆ. ವಜ್ರ ಬೆಳಕನ್ನು ಜಾಸ್ತಿ ಬಗ್ಗಿಸುತ್ತದೆ, ಅದರ ವಕ್ರೀಭವನ ಸೂಚಿ 2.42. ಸ್ಫಟಿಕದ್ದು 1.54 ಮಾತ್ರ. ವಜ್ರ ಕತ್ತರಿಸುವ ಮನೆತನದ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್ಸ್ಕಿ 1919ರಲ್ಲಿ ದುಂಡು ವಜ್ರಕ್ಕೆ ಲೆಕ್ಕ ಹಾಕಿ ಕೆಳಗಿನ ಮುಖಗಳು 40.75 ಡಿಗ್ರಿ ಇರಲಿ ಅಂದರು. ಕಲಿಯುವ ಮೊದಲ ವರ್ಷ ನಾನು ಅದೇ ಅಂಕಿಯನ್ನು ನೇರಳೆ ಸ್ಫಟಿಕಕ್ಕೆ ಇಟ್ಟೆ. ನೇರ ಹಿಡಿದರೆ ಹರಳು ಚೆನ್ನಾಗಿಯೇ ಇತ್ತು. ಬೆರಳ ತುದಿಯಲ್ಲಿ ಒಂಚೂರು ಓರೆ ಮಾಡಿದೆ, ನಡುವಿನ ಬಣ್ಣವೆಲ್ಲ ಮಾಯ. ಹೇಳಿಕೊಟ್ಟವರು ಅದನ್ನೇ ಮತ್ತೆ ಅರಗು ಹಚ್ಚಿದ ಕಡ್ಡಿಗೆ ಅಂಟಿಸಿ, 43 ಡಿಗ್ರಿಗೆ ಇಟ್ಟು, ಕೆಳಗಿನ ಮುಖಗಳನ್ನೆಲ್ಲ ಹೊಸದಾಗಿ ಸಾಣೆ ಹಿಡಿಸಿದರು. ಹರಳು ಸ್ವಲ್ಪ ಚಿಕ್ಕದಾಯಿತು, ನೇರಳೆ ಬಣ್ಣ ಮಾತ್ರ ಅಂಚಿನವರೆಗೂ ತುಂಬಿಕೊಂಡಿತು. ಆಕಾರ ಮೊದಲಿನದೇ.

ಆ ಆಕಾರವನ್ನಾದರೂ ನಾವು ಸುಮ್ನೆ ಆರಿಸುತ್ತೇವಾ? ಇಲ್ಲ. ಪಚ್ಚೆಯೊಳಗೆ ಸಣ್ಣ ಬಿರುಕುಗಳು ಸಾಮಾನ್ಯ, ಚೂಪು ಮೂಲೆ ಬಿಟ್ಟರೆ ಅಲ್ಲಿಂದಲೇ ಚಕ್ಕೆ ಎದ್ದೀತು. ಹಾಗಾಗಿ ಮೂಲೆ ಕತ್ತರಿಸಿದ ಉದ್ದ ಚೌಕ, ಮೆಟ್ಟಿಲು ಕಟಿಂಗ್. ಕೆಲವು ಟೂರ್ಮಲಿನ್‌ಗಳನ್ನು ಉದ್ದಕ್ಕೆ ನೋಡಿದರೆ ಕಪ್ಪು, ಅಡ್ಡಕ್ಕೆ ನೋಡಿದರೆ ಒಳ್ಳೆಯ ಹಸಿರು. ಆ ಹಸಿರು ಮೇಲೆ ಬರುವ ಹಾಗೆ ಮಲಗಿಸಿ ಕತ್ತರಿಸಿದರೆ ಹರಳು ತಾನಾಗಿಯೇ ಉದ್ದವಾಗುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ನಕ್ಷತ್ರ ನೀಲ. ಮುಖಗಳಿಲ್ಲದ ಗುಮ್ಮಟದಲ್ಲಿ ಏನು ಕೆಲಸ ಅನ್ನುವವರು ಒಮ್ಮೆ ಅದನ್ನು ಮಾಡಿ ನೋಡಬೇಕು. ಆ ಕಲ್ಲಿನೊಳಗೆ ಕೂದಲಿಗಿಂತ ಸಣ್ಣ ಸೂಜಿಗಳು ಮೂರು ದಿಕ್ಕಿಗೆ ಸಾಲಾಗಿ ಮಲಗಿರುತ್ತವೆ. ಅವುಗಳ ಮೇಲೆ ಬೆಳಕು ಬಿದ್ದಾಗ ಆರು ಕಾಲಿನ ನಕ್ಷತ್ರ ಏಳುತ್ತದೆ. ಒರಟು ಕಲ್ಲಿನಲ್ಲಿ ಅದು ಕಾಣುವುದಿಲ್ಲ. ಒಂದು ಕಡೆ ಸ್ವಲ್ಪ ಚಪ್ಪಟೆ ಮಾಡಿ, ಒಂದು ಹನಿ ಎಣ್ಣೆ ಬಿಟ್ಟು, ಒಂದೇ ದೀಪದ ಕೆಳಗೆ ಹಿಡಿಯಬೇಕು. ಎಣ್ಣೆಯ ಹನಿಯೇ ಗುಮ್ಮಟವಾಗಿ, ಅದರೊಳಗೆ ಬೆಳ್ಳಗೆ ಗೆರೆಗಳು ಕೂಡುವ ಜಾಗ ಕಾಣುತ್ತದೆ. ಆ ಕ್ಷಣ ಉಸಿರು ಬಿಗಿ ಹಿಡಿಯದೆ ನೋಡಿದ ನೆನಪೇ ನನಗಿಲ್ಲ. ಆ ಜಾಗ ನೆತ್ತಿಗೆ ಬರಬೇಕು, ಸೂಜಿಗಳು ಬುಡಕ್ಕೆ ಸಮನಾಗಿ ಮಲಗಬೇಕು. ಒಮ್ಮೆ ಕಲ್ಲು ಜಾಸ್ತಿ ಸವೆಯದಿರಲಿ ಅಂತ ಬುಡವನ್ನು ಸ್ವಲ್ಪ ವಾರೆ ಬಿಟ್ಟೆ. ಪಾಲಿಶ್ ಆದ ಮೇಲೆ ನಕ್ಷತ್ರ ನೆತ್ತಿ ಬಿಟ್ಟು ಪಕ್ಕಕ್ಕೆ ಜಾರಿ ಕೂತಿತ್ತು. ಆ ಹರಳು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ.

ತೂಕ ಉಳಿಸುವ ಈ ಆಸೆಯೇ ನಮ್ಮ ಕೆಲಸದ ದೊಡ್ಡ ಕಾಟ. ಹರಳು ಮಾರುವುದು ಕ್ಯಾರಟ್ ಲೆಕ್ಕದಲ್ಲಿ. ಒಂದು ಕ್ಯಾರಟ್ ಅಂದರೆ 0.2 ಗ್ರಾಂ. ಅಷ್ಟರಲ್ಲೇ ಎಲ್ಲ ಲಾಭ ನಷ್ಟ ಇರುವುದರಿಂದ ಕಲ್ಲು ಕೊಡುವವರು ಮೊದಲು ಹೇಳುವ ಮಾತೇ ತೂಕ ಹೋಗಬಾರದು ಅಂತ. ಕಲ್ಲು ಚಪ್ಪಟೆ ಇದ್ದರೆ ಹರಳಿಗೆ ಕಿಟಕಿ ಬೀಳುತ್ತದೆ, ದಪ್ಪ ಇದ್ದರೆ ಕೆಳಗೆ ಹೊಟ್ಟೆ ಉಳಿಯುತ್ತದೆ. ಆ ಹೊಟ್ಟೆ ಮೇಲಿನಿಂದ ಕಾಣುವುದಿಲ್ಲ, ತೂಕಕ್ಕೆ ಮಾತ್ರ ಸೇರುತ್ತದೆ. ನಿಮ್ಮ ಹತ್ತು ಚಿತ್ರಗಳಲ್ಲಿ ಇದು ಯಾವುದೂ ತಿಳಿಯುವ ಹಾಗಿಲ್ಲ, ಅಲ್ವಾ?

ಕೊಹಿನೂರಿನ ಕಥೆಯನ್ನೂ ಆ ಪುಟದಲ್ಲಿ ಒಂದೇ ಸಾಲಲ್ಲಿ ಮುಗಿಸಿದ್ದೀರಿ. 1851ರಲ್ಲಿ ಲಂಡನ್ನಿನ ದೊಡ್ಡ ಪ್ರದರ್ಶನದಲ್ಲಿ ಇಟ್ಟಾಗ ಅದು ಹೊಳೆಯುತ್ತಿಲ್ಲ ಅಂತ ಜನ ಬೇಸರಪಟ್ಟರು. ಮರುವರ್ಷ 38 ದಿನ ಸಾಣೆ ಹಿಡಿದು ಹೊಸದಾಗಿ ಕಟ್ ಮಾಡಿದರು. ಇವತ್ತಿನ ಲೆಕ್ಕದಲ್ಲಿ ಸುಮಾರು 191 ಕ್ಯಾರಟ್ ಇದ್ದದ್ದು 105.6ಕ್ಕೆ ಇಳಿಯಿತು. ತೂಕ ಉಳಿಸಬೇಡಿ ಅನ್ನುವವಳು ನಾನು, ಆದರೂ ಇದರಲ್ಲಿ ನನ್ನ ಮನಸ್ಸು ಹಳೆಯ ಕಟಿಂಗ್ ಕಡೆಗೇ. ಹಿಂದಿನವರಿಗೆ ಕೆಲಸ ಬರುತ್ತಿರಲಿಲ್ಲ ಅಂತಲ್ಲ. ಅವರು ಕಲ್ಲು ಹುಟ್ಟಿದ ರೂಪವನ್ನು ಆದಷ್ಟು ಉಳಿಸಿ, ಅದರ ಸುತ್ತ ಮುಖಗಳನ್ನು ಕೂರಿಸುತ್ತಿದ್ದರು. ಅಡಿ ಚಪ್ಪಟೆಯಾಗಿ, ಮೇಲೆ ತ್ರಿಕೋನ ಮುಖಗಳಿರುವ ಹಳೆಯ ರೋಸ್ ಕಟ್ ವಜ್ರವನ್ನು ಮೇಣದಬತ್ತಿಯ ಬೆಳಕಿನಲ್ಲಿ ನೋಡಿ. 57 ಮುಖಗಳ ಇವತ್ತಿನ ದುಂಡು ವಜ್ರದ ಹಾಗೆ ಅದು ಕಣ್ಣಿಗೆ ಕುಕ್ಕುವುದಿಲ್ಲ. ಮೆಲ್ಲಗೆ ಉರಿಯುವ ಕೆಂಡದ ಹಾಗಿರುತ್ತದೆ. ಹಳೆಯ ಹರಳು ಸಿಕ್ಕಿತು ಅಂತ ಕೂಡಲೇ ಹೊಸ ಕಟಿಂಗ್‌ಗೆ ಕೊಡಬೇಡಿ ಅಂತ ನಿಮ್ಮ ಓದುಗರಿಗೆ ಹೇಳಬೇಕು ಅನಿಸುತ್ತದೆ. ಒಮ್ಮೆ ಸವೆದದ್ದು ಮತ್ತೆ ಬರುವುದಿಲ್ಲ.

ಸಂಪಾದಕರೇ, ಆ ಪುಟವನ್ನು ಇನ್ನೊಮ್ಮೆ ಮಾಡಿದರೆ ಒಂದು ಉಪಕಾರ ಮಾಡಿ. ಪ್ರತಿ ಹರಳನ್ನೂ ಪಕ್ಕಕ್ಕೆ ತಿರುಗಿಸಿ ಇನ್ನೊಂದು ಫೋಟೋ ತೆಗೆಸಿ, ಎರಡನ್ನೂ ಜೊತೆಗೆ ಹಾಕಿ. ಆಳ, ಹೊಟ್ಟೆ ಎಲ್ಲ ಆಗ ಕಾಣುತ್ತದೆ. ಕಿಟಕಿ ಬಿದ್ದ ಒಂದು ಹರಳನ್ನೂ ಹುಡುಕಿ. ಅದನ್ನು ನಿಮ್ಮ ಪತ್ರಿಕೆಯದೇ ಒಂದು ಸಾಲಿನ ಮೇಲೆ ಇಟ್ಟು ಹತ್ತಿರದಿಂದ ಫೋಟೋ ತೆಗೆಯಿರಿ. ಹರಳಿನ ನಡುವೆ ಅಕ್ಷರಗಳು ಹಾಗೇ ಕಾಣುತ್ತವೆ.

ನಿಮ್ಮ ಹಳೆಯ ಓದುಗರಲ್ಲಿ ಒಬ್ಬಳು,
ನಿವೃತ್ತ ಸಾಣೆ ಕೆಲಸದವಳು