ಬಣ್ಣದ ಕೆಳಗೆ ಮುಚ್ಚಿಹೋದ ಡಬ್ಬಿಯ ನಂಬರು

ಮಾನ್ಯ ಸಂಪಾದಕರೇ,

ಓಡಾಟಕ್ಕೆ ವಯಸ್ಸು ಮೀರಿದ ರೈಲು ಡಬ್ಬಿಗಳನ್ನು ಹೋಟೆಲುಗಳನ್ನಾಗಿ ಮಾರ್ಪಡಿಸಿ ನಿಲ್ದಾಣಗಳ ಆವರಣದಲ್ಲಿ ನಿಲ್ಲಿಸುವ ರೈಲ್ವೆ ಇಲಾಖೆಯ ಕೆಲಸವನ್ನು ಮನಸಾರೆ ಮೆಚ್ಚಿಕೊಂಡೇ, ಅದರಲ್ಲಿ ಆಗುತ್ತಿರುವ ಒಂದು ಲೋಪವನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಬಯಸುತ್ತೇನೆ. ಡಬ್ಬಿಯನ್ನು ಹೋಟೆಲು ಮಾಡುವಾಗ ಅದರ ನಂಬರನ್ನೂ ಅದು ತಯಾರಾದ ಕಾರ್ಖಾನೆಯ ಗುರುತನ್ನೂ ಬಣ್ಣ ಬಳಿದು ಅಳಿಸಬಾರದು ಎಂಬುದೇ ನನ್ನ ಕೋರಿಕೆ.

ನನ್ನ ಯಜಮಾನರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ 34 ವರ್ಷ ದುಡಿದು ನಿವೃತ್ತರಾದವರು. ಸದರ್ನ್ ಮರಾಠಾ ರೈಲ್ವೆಯ ಕಾಲದಿಂದ ನಡೆದು ಬಂದಿರುವ ಆ ವರ್ಕ್‌ಶಾಪಿನ ಸೈರನ್ನಿಗೆ ನಮ್ಮ ಮನೆಯ ಗಡಿಯಾರ ಹೊಂದಿಕೊಂಡಿತ್ತು ಎಂದರೆ ಹೆಚ್ಚಲ್ಲ. ಕಳೆದ ತಿಂಗಳು ನಮ್ಮ ಮದುವೆಗೆ 40 ವರ್ಷ ತುಂಬಿದ ದಿನ, ಮಕ್ಕಳು ಎಷ್ಟು ಹೇಳಿದರೂ ದೊಡ್ಡ ಸಮಾರಂಭ ಬೇಡವೆಂದು, ನಾವಿಬ್ಬರೇ ಬೆಳಗಿನ ಗಾಡಿ ಹಿಡಿದು, ಕೆಲವು ತಾಸಿನ ದಾರಿಯ ಒಂದು ಊರಿಗೆ ಹೋಗಿ, ಅಲ್ಲಿನ ನಿಲ್ದಾಣದ ಹೊರಗಿರುವ ಡಬ್ಬಿ ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಮಾಡಿ, ಸಂಜೆಯ ಗಾಡಿಗೆ ಮರಳಿದೆವು. ಆ ಊರಿನ ಮತ್ತು ಹೋಟೆಲಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ತಪ್ಪು ಅವರೊಬ್ಬರದಲ್ಲ, ಅವರನ್ನು ಎತ್ತಿ ತೋರಿಸುವುದು ನನ್ನ ಉದ್ದೇಶವೂ ಅಲ್ಲ.

ಹೋಟೆಲನ್ನು ಪ್ರೀತಿಯಿಂದ ಕಟ್ಟಿದ್ದಾರೆ. ತುಂಡು ಹಳಿಯ ಮೇಲೆ ಗಾಲಿಗಳ ಸಮೇತ ಡಬ್ಬಿಯನ್ನು ನಿಲ್ಲಿಸಿ, ಹತ್ತಲು ಕಬ್ಬಿಣದ ಮೆಟ್ಟಿಲು ಇಟ್ಟಿದ್ದಾರೆ. ಒಳಗೆ ಬರ್ತುಗಳನ್ನು ತೆಗೆದು, ಕಿಟಕಿಗೊಂದರಂತೆ ಮೇಜು, ಎದುರುಬದುರು ಮೆತ್ತನೆಯ ಆಸನಗಳನ್ನು ಹಾಕಿದ್ದಾರೆ. ಪ್ರತಿ ಮೇಜಿಗೂ ಒಂದು ಊರಿನ ಹೆಸರು. ನಮಗೆ ಸಿಕ್ಕಿದ್ದು ಲೋಂಡಾ. ತಿಂಡಿಯ ಪಟ್ಟಿಯನ್ನು ಹಳೆಯ ರಟ್ಟಿನ ಟಿಕೇಟಿನ ಮಾದರಿಯಲ್ಲಿ ಅಚ್ಚು ಹಾಕಿಸಿದ್ದಾರೆ. ಬಡಿಸುವ ಹುಡುಗರು ಗಾರ್ಡಿನ ಬಿಳಿ ಉಡುಪಿನಲ್ಲಿ ಓಡಾಡುತ್ತಾರೆ, ಊಟ ಬರುವಾಗ ಒಬ್ಬ ಹಸಿರು ಬಾವುಟ ತೋರಿಸಿ ಸೀಟಿ ಊದುತ್ತಾನೆ. ಪಕ್ಕದ ಮೇಜಿನ ಪುಟ್ಟ ಮಗುವೊಂದು ಪ್ರತಿ ಸೀಟಿಗೂ ಚಪ್ಪಾಳೆ ತಟ್ಟುತ್ತಿದ್ದುದನ್ನು ನೋಡಿ ನಮಗೂ ಸಂತೋಷವಾಯಿತು. ಊಟವೂ ಚೆನ್ನಾಗಿತ್ತು. ರೈಲು ಹೋಟೆಲಿನಲ್ಲಿ, ರೈಲು ನಿಲ್ದಾಣದಲ್ಲೇ ಹುಟ್ಟಿ ಬೆಳೆದ ಮದ್ದೂರು ವಡೆ ಇಲ್ಲದೆ ನೂಡಲ್ಸ್ ಇದ್ದುದೊಂದು ನನಗೆ ಕೊರತೆಯೆನಿಸಿತು.

ನನ್ನ ಯಜಮಾನರ ಗಮನ ಮಾತ್ರ ಊಟದ ಮೇಲಿರಲಿಲ್ಲ. ತಲೆಯ ಮೇಲಿನ ತಗಡನ್ನು, ಕಿಟಕಿಯ ಚೌಕಟ್ಟನ್ನು, ಬಾಗಿಲ ಬಳಿಯ ಹಿಡಿಕೆಯನ್ನು ನೋಡುತ್ತಲೇ ಇದ್ದರು. ಕೊನೆಗೆ ಬಡಿಸುವ ಹುಡುಗನನ್ನು ಕರೆದು, ‘ತಮ್ಮಾ, ಈ ಡಬ್ಬಿ ಯಾವ ಸಾಲಿಂದು? ನಂಬರು ಎಲ್ಲೈತಿ?’ ಎಂದು ಕೇಳಿದರು. ಹುಡುಗ ವಿನಯದಿಂದಲೇ, ‘ಗೊತ್ತಿಲ್ಲ ಸರ್, ಕ್ರೇನಿನಲ್ಲಿ ತಂದು ಇಟ್ಟಿದ್ದರಂತೆ’ ಎಂದ. ಮೇಲ್ವಿಚಾರಕರನ್ನು ಕೇಳಿದರೆ ಅವರಿಗೂ ತಿಳಿಯದು. ಹೊರಗೆ ಬಂದು ನೋಡಿದೆವು. ಎರಡೂ ಬದಿಗೆ ತೆಂಗಿನ ಮರ, ಹೊಗೆ ಉಗುಳುವ ಉಗಿಬಂಡಿ, ಸೂರ್ಯಾಸ್ತದ ಚಿತ್ರಗಳಿದ್ದವು. ಎಲ್ಲಿಯೂ ಒಂದು ಅಂಕಿ ಇರಲಿಲ್ಲ.

ಅವರು ಬಿಡಲಿಲ್ಲ. ಡಬ್ಬಿಯ ತುದಿಗೆ ಹೋದರು. ರೈಲು ಡಬ್ಬಿಗಳ ತುದಿಗೋಡೆಯ ಮೇಲೆ ಅದು ಯಾವ ವರ್ಕ್‌ಶಾಪಿನಲ್ಲಿ ಯಾವಾಗ ಕೂಲಂಕಷ ದುರಸ್ತಿಯಾಯಿತು, ಮತ್ತೆ ಯಾವಾಗ ಬರಬೇಕು ಎಂದು ಬರೆದಿರುತ್ತಾರೆ. ಅಲ್ಲಿಯೂ ಕಡುಗೆಂಪು ಬಣ್ಣ ದಪ್ಪಗೆ ಬಳಿದಿದ್ದರು. ಆದರೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಬರೆದ ಅಕ್ಷರಗಳ ಅಂಚು ತುಸು ಉಬ್ಬಿರುತ್ತದೆಯಲ್ಲ, ಮಧ್ಯಾಹ್ನದ ಓರೆ ಬಿಸಿಲಿಗೆ ಆ ಉಬ್ಬು ನೆರಳಾಗಿ ಕಾಣುತ್ತಿತ್ತು. ಅವರು ಕನ್ನಡಕ ತೆಗೆದು, ಕುರುಡರು ಓದುವ ಹಾಗೆ ಬೆರಳಾಡಿಸಿ ಒಂದೊಂದೇ ಅಂಕಿ ಹೇಳಿದರು, ನಾನು ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡೆ. ಮೊದಲೆರಡು ಅಂಕಿ 9 ಮತ್ತು 4, ಮೂರನೆಯದು 2. ಅದರ ಕೆಳಗೆ ನಮ್ಮೂರಿನ ವರ್ಕ್‌ಶಾಪಿನ ಗುರುತು. ‘ಇಲ್ಲಿ ನೋಡು, ನಮ್ಮಲ್ಲಿಗೆ ಬಂದು ಹೋಗೇತಿ ಇದು’ ಎಂದಾಗ ಅವರ ದನಿ ಬದಲಾಗಿತ್ತು. ಆ ತುದಿಗೋಡೆಯನ್ನು ಅವರು ಎಷ್ಟೋ ಹೊತ್ತು ಬಿಟ್ಟು ಕದಲಲಿಲ್ಲ.

ಆ ಐದಂಕಿಯ ನಂಬರಿನಲ್ಲಿ ಏನಿದೆ ಎಂದು ಓದುಗರು ಕೇಳಬಹುದು. ಮೊದಲೆರಡು ಅಂಕಿ ಡಬ್ಬಿ ತಯಾರಾದ ವರ್ಷ, ಉಳಿದ ಮೂರು ಅದರ ಜಾತಿ. 200ರಿಂದ 399ರವರೆಗೆ ಇದ್ದರೆ ಸ್ಲೀಪರ್, 400ರಿಂದ 599ರವರೆಗೆ ಇದ್ದರೆ ಜನರಲ್. ಎಂದರೆ ನಾವು ಕುಳಿತು ಉಂಡದ್ದು 1994ರಲ್ಲಿ ತಯಾರಾದ ಸ್ಲೀಪರ್ ಡಬ್ಬಿಯಲ್ಲಿ. ಅಂಥ ಡಬ್ಬಿಯಲ್ಲಿ 72 ಬರ್ತುಗಳಿರುತ್ತವೆ, ಅದರ ನಿಗದಿತ ಆಯುಷ್ಯ 25 ವರ್ಷ. ವರ್ಷಕ್ಕೆ 300 ರಾತ್ರಿ ಓಡಿತೆಂದು ಲೆಕ್ಕ ಹಿಡಿದರೂ 5 ಲಕ್ಷ 40 ಸಾವಿರ ಜನ ಅದರಲ್ಲಿ ಮಲಗಿ ಎದ್ದಿರುತ್ತಾರೆ. ತಿರುಪತಿಗೆ ಹೊರಟವರು, ಪರೀಕ್ಷೆ ಬರೆಯಲು ಹೊರಟವರು, ದೊಡ್ಡಾಸ್ಪತ್ರೆಗೆ ರೋಗಿಯನ್ನು ಕರೆದೊಯ್ದವರು, ಕೂಲಿ ಅರಸಿ ಗೋವಾಕ್ಕೆ, ಮುಂಬೈಗೆ ಹೋದವರು. ಚೊಚ್ಚಲ ಹೆರಿಗೆಗೆ ನಾನು ತವರಿಗೆ ಹೋದದ್ದು ಕೂಡ ಇಂಥದೇ ಡಬ್ಬಿಯೊಂದರ ಕೆಳಗಿನ ಬರ್ತಿನಲ್ಲಿ. ಇಷ್ಟು ಜನರ ಪ್ರಯಾಣ ಹೊತ್ತ ವಸ್ತುವಿಗೆ ತನ್ನದೆಂಬ ಗುರುತೊಂದು ಉಳಿಯದಂತೆ ಮಾಡುವುದು ಸರಿಯೇ?

ಈ ಡಬ್ಬಿಗಳ ಹಿಂದಿನ ಕಥೆಯೂ ಸಣ್ಣದಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಸ್ವಿಟ್ಜರ್ಲೆಂಡಿನ ಶ್ಲೀರೆನ್‌ನ ಕಂಪನಿಯೊಂದರ ತಾಂತ್ರಿಕ ನೆರವು ಪಡೆದು ಮದರಾಸಿನ ಪೆರಂಬೂರಿನಲ್ಲಿ ಕಟ್ಟಿದ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯನ್ನು 1955ರ ಅಕ್ಟೋಬರ್ 2ರಂದು ನೆಹರೂ ಉದ್ಘಾಟಿಸಿದರು. ಅಲ್ಲಿಯವರೆಗೆ ಹೆಚ್ಚಿನ ಡಬ್ಬಿಗಳಿಗೆ ಮರದ ಮೈ, ಅದಕ್ಕೆ ಬೇರೆಯೇ ಆದ ಕಬ್ಬಿಣದ ತಳ. ಅಪಘಾತವಾದರೆ ಮರ ಸೀಳಿ ಜನ ಸಾಯುತ್ತಿದ್ದರು. ಮೈ ಮತ್ತು ತಳ ಎರಡನ್ನೂ ಒಂದೇ ಉಕ್ಕಿನ ಚಿಪ್ಪಾಗಿ ಬೆಸೆದ ಹೊಸ ಡಬ್ಬಿ ಬಂದದ್ದು ಆ ಕಾರ್ಖಾನೆಯಿಂದ, ಅದರ ಹೆಸರಿನಲ್ಲಿರುವ ‘ಇಂಟೆಗ್ರಲ್’ ಎಂಬ ಮಾತಿನ ಅರ್ಥವೂ ಅದೇ. ಬೆಂಗಳೂರಿನವರಿಗೂ ಈ ಕೆಲಸದಲ್ಲಿ ಪಾಲಿದೆ. ವಿಮಾನ ತಯಾರಿಸುವ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ರೈಲು ಡಬ್ಬಿಗಳೂ ಸಿದ್ಧವಾಗುತ್ತಿದ್ದವು. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಮುಂದೆ ಆ ಕೆಲಸವನ್ನು ವಹಿಸಿಕೊಂಡಿತು. ಯಾವ ಡಬ್ಬಿ ಪೆರಂಬೂರಿನದು, ಯಾವುದು ನಮ್ಮ ಬೆಂಗಳೂರಿನಲ್ಲೇ ಕಟ್ಟಿದ್ದು ಎಂದು ತಿಳಿಯುವ ದಾರಿಯನ್ನೇ ಬಣ್ಣ ಬಳಿದು ಮುಚ್ಚುತ್ತಿದ್ದೇವೆ.

ದುರಸ್ತಿ ಮಾಡಿದವರ ಕೈಗೆಲಸವನ್ನಂತೂ ಯಾರೂ ನೆನೆಯುವುದಿಲ್ಲ. ನಿಗದಿತ ಅವಧಿಗೊಮ್ಮೆ ಪ್ರತಿ ಡಬ್ಬಿಯೂ ವರ್ಕ್‌ಶಾಪಿಗೆ ಬರಲೇಬೇಕು. ಮೈಯನ್ನು ಎತ್ತಿ ಹಿಡಿದು ಕೆಳಗಿನ ಬೋಗಿಗಳನ್ನು ಹೊರಗೆ ಉರುಳಿಸಬೇಕು. ಜನ ಇಡೀ ಡಬ್ಬಿಯನ್ನೇ ಬೋಗಿ ಎನ್ನುತ್ತಾರೆ, ಆದರೆ ಬೋಗಿ ಎಂದರೆ ನಾಲ್ಕು ಗಾಲಿ, ಸ್ಪ್ರಿಂಗುಗಳನ್ನು ಹೊತ್ತ ಕೆಳಗಿನ ಚೌಕಟ್ಟು ಎಂದು ನಮ್ಮ ಯಜಮಾನರು ಇಂದಿಗೂ ಮೊಮ್ಮಕ್ಕಳನ್ನು ತಿದ್ದುತ್ತಾರೆ. ಸವೆದ ಗಾಲಿಯನ್ನು ಲೇತಿಗೆ ಕೊಟ್ಟು ದುಂಡಗೆ ಮಾಡಬೇಕು, ಸೋತ ಸ್ಪ್ರಿಂಗನ್ನು ಬದಲಿಸಬೇಕು, ಎಲ್ಲಕ್ಕಿಂತ ಕಷ್ಟವಾಗಿ, ಶೌಚಾಲಯದ ನೀರು ಇಳಿದು ತುಕ್ಕು ತಿಂದ ನೆಲದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಬೇಕು. ಆ ತಗಡಿನ ಕೆಲಸ ಮಾಡಿದ ದಿನ ಅವರು ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದರೂ ಊಟಕ್ಕೆ ಕೂರಲು ಹಿಂಜರಿಯುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ತುದಿಗೋಡೆಯ ಮೇಲೆ ಬರೆಯುತ್ತಿದ್ದ ದಿನಾಂಕ ಮತ್ತು ವರ್ಕ್‌ಶಾಪಿನ ಗುರುತು, ಅಷ್ಟೇ ಅವರ ಸಹಿ. ಕೆಲಸಗಾರನ ಹೆಸರಂತೂ ಅಲ್ಲಿರುವುದಿಲ್ಲ, ಊರಿನ ಗುರುತಾದರೂ ಉಳಿಯಲಿ ಎಂದು ಕೇಳುವುದು ದೊಡ್ಡ ಮಾತಲ್ಲ ಎಂದುಕೊಂಡಿದ್ದೇನೆ.

ಈ ಮಾತನ್ನು ಈಗಲೇ ಹೇಳಬೇಕಾದ ಕಾರಣವೂ ಇದೆ. ಪೆರಂಬೂರಿನ ಆ ಹಳೆಯ ಮಾದರಿಯ ಕೊನೆಯ ಡಬ್ಬಿ ಕಾರ್ಖಾನೆಯಿಂದ ಹೊರಬಂದದ್ದು 2018ರ ಜನವರಿಯಲ್ಲಿ. ಅಂದಿನಿಂದ ಜರ್ಮನಿಯ ಲಿಂಕೆ ಹಾಫ್‌ಮನ್ ಬುಷ್ ಕಂಪನಿಯ ವಿನ್ಯಾಸದ, ಸ್ಲೀಪರಿನಲ್ಲಿ 80 ಬರ್ತುಗಳಿರುವ, ಒಂದರ ಮೇಲೊಂದು ಹತ್ತದಂತೆ ತಡೆಯುವ ಜೋಡಣೆಯಿರುವ ಡಬ್ಬಿಗಳೇ ಅವುಗಳ ಜಾಗಕ್ಕೆ ಬರುತ್ತಿವೆ. ಪ್ರಯಾಣಿಕರ ಸುರಕ್ಷತೆಗೆ ಅದು ಒಳ್ಳೆಯದೇ. ಆದರೆ ನಾವು ಕಂಡ ನೀಲಿ ಡಬ್ಬಿಗಳು ಇನ್ನು ಕೆಲವೇ ವರ್ಷಗಳಲ್ಲಿ ಹಳಿಯಿಂದ ಪೂರ್ತಿ ಮರೆಯಾಗುತ್ತವೆ, ಬಹುಪಾಲು ಗುಜರಿಗೆ ಹೋಗುತ್ತವೆ. ಉಳಿಯುವ ಬೆರಳೆಣಿಕೆಯವು ಇಂಥ ಹೋಟೆಲುಗಳಾಗಿಯೇ ಉಳಿಯುವಂಥವು. 1979ರಲ್ಲಿ ಶುರುವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ 1899ರ ಮಹಾರಾಣಿ ಸಲೂನನ್ನು ಅಡುಗೆಮನೆ, ಊಟದ ಕೋಣೆಗಳ ಸಮೇತ ಕಾಪಾಡಿದ್ದಾರೆ, ನನ್ನ ವಿದ್ಯಾರ್ಥಿಗಳನ್ನು ಕರೆದೊಯ್ದಾಗಲೆಲ್ಲ ಅದರ ಮುಂದೆ ನಿಂತು ವಿವರಿಸಿದ್ದೇನೆ. ಅರಸರು ಕೂತ ಡಬ್ಬಿಗೆ ಫಲಕವಿದೆ. ಸಾಮಾನ್ಯ ಜನ ಕೂತ ಸ್ಲೀಪರಿಗೂ ಒಂದು ಫಲಕ ಇರಲಿ ಎಂಬುದು ನನ್ನ ಆಸೆ.

ಇದಕ್ಕೆ ಹಣವೂ ಹೆಚ್ಚು ಬೇಡ, ಹೊಸ ಸಮಿತಿಯೂ ಬೇಡ. 2020ರ ಫೆಬ್ರುವರಿಯಲ್ಲಿ ಪಶ್ಚಿಮ ಬಂಗಾಳದ ಆಸನ್ಸೋಲ್ ನಿಲ್ದಾಣದಲ್ಲಿ ಎರಡು ಹಳೆಯ ಮೆಮು ಡಬ್ಬಿಗಳು ಹೋಟೆಲಾದವು, 2021ರಲ್ಲಿ ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ ಇನ್ನೊಂದು ಬಂತು, ಅಲ್ಲಿಂದೀಚೆಗೆ ನಮ್ಮ ರಾಜ್ಯದ ನಿಲ್ದಾಣಗಳಿಗೂ ಬಂದಿವೆ. ಟಿಕೇಟಿನಿಂದಲ್ಲದೆ ಬೇರೆ ಮೂಲದಿಂದ ಆದಾಯ ಗಳಿಸುವ ಬಾಬತ್ತಿನಲ್ಲಿ ರೈಲ್ವೆಯೇ ಜಾಗ ಮತ್ತು ಡಬ್ಬಿ ಕೊಟ್ಟು, ಟೆಂಡರು ಕರೆದು, ಹೋಟೆಲು ನಡೆಸುವವರಿಂದ ಲೈಸೆನ್ಸ್ ಶುಲ್ಕ ಪಡೆಯುತ್ತದೆ. ಅದೇ ಟೆಂಡರಿನ ಷರತ್ತುಗಳಲ್ಲಿ ಇನ್ನೊಂದನ್ನು ಸೇರಿಸಿದರೆ ಸಾಕು: ಹೊರಮೈಯ ಮೇಲಿನ ನಂಬರು ಮತ್ತು ತುದಿಗೋಡೆಯ ಬರಹವನ್ನು ಇದ್ದ ಹಾಗೆಯೇ ಬಿಡಬೇಕು, ಬಣ್ಣ ಹಚ್ಚಲೇಬೇಕಾದರೆ ಅದೇ ಜಾಗದಲ್ಲಿ ಮತ್ತೆ ಬರೆಯಬೇಕು. ಬಾಗಿಲ ಬಳಿ ಕನ್ನಡದಲ್ಲಿ ಒಂದು ಚಿಕ್ಕ ಫಲಕ ಹಾಕಿ, ಡಬ್ಬಿ ಎಲ್ಲಿ ತಯಾರಾಯಿತು, ಯಾವ ವರ್ಕ್‌ಶಾಪುಗಳಲ್ಲಿ ದುರಸ್ತಿಯಾಯಿತು, ಯಾವ ವರ್ಷ ಸೇವೆಯಿಂದ ಹೊರಬಂತು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆಯಬಹುದು. ಡಬ್ಬಿಯನ್ನು ಸೇವೆಯಿಂದ ತೆಗೆಯುವಾಗ ಈ ವಿವರಗಳೆಲ್ಲ ಇಲಾಖೆಯ ಕಾಗದಪತ್ರಗಳಲ್ಲಿ ಇದ್ದೇ ಇರುತ್ತವೆ. ಹೋಟೆಲು ನಡೆಸುವವರ ಚಿತ್ರಗಳಿಗೆ ಇದರಿಂದ ಅಡ್ಡಿಯೂ ಆಗದು, ಹುಸಿ ಉಗಿಬಂಡಿಯ ಚಿತ್ರಕ್ಕಿಂತ ನಿಜವಾದ ಡಬ್ಬಿಯ ನಿಜವಾದ ಕಥೆ ಗಿರಾಕಿಗಳನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆಂದು ನನಗೆ ಖಂಡಿತ ಅನಿಸುತ್ತದೆ. ಅಂದು ನಮ್ಮ ಯಜಮಾನರು ಬೆರಳಿನಿಂದ ಅಂಕಿ ಓದುತ್ತಿದ್ದಾಗ, ಸೀಟಿ ಊದುತ್ತಿದ್ದ ಹುಡುಗನೂ ಚಪ್ಪಾಳೆ ತಟ್ಟುತ್ತಿದ್ದ ಮಗುವಿನ ತಂದೆತಾಯಿಯೂ ಬಂದು ಸುತ್ತ ನಿಂತಿದ್ದರು. 94 ಎಂದರೆ ವರ್ಷ ಎಂದು ತಿಳಿದಾಗ ಆ ತಾಯಿ, ‘ಅಯ್ಯೋ, ನಾನು ಹುಟ್ಟಿದ ವರ್ಷ’ ಎಂದು ಹೋಗಿ ಆ ಗೋಡೆಯನ್ನು ಮುಟ್ಟಿ ಬಂದರು.

ಆ ಬಿಲ್ಲು ನನ್ನ ಬಳಿ ಜೋಪಾನವಾಗಿದೆ. ಹಿಂಬದಿಯಲ್ಲಿ ಐದೂ ಅಂಕಿಗಳಿವೆ. ಆ ಹೋಟೆಲಿನವರಾಗಲಿ ರೈಲ್ವೆ ಅಧಿಕಾರಿಗಳಾಗಲಿ ಅಲ್ಲಿ ಫಲಕ ಹಾಕಲು ಮನಸ್ಸು ಮಾಡಿದರೆ, ನಂಬರನ್ನು ಕಳುಹಿಸಿಕೊಡಲು ನಾನು ಸಿದ್ಧಳಿದ್ದೇನೆ. ಅಕ್ಷರ ಬರೆಯಲು ಬೇಕಾದರೆ ನಮ್ಮ ಯಜಮಾನರು ಬಣ್ಣ, ಕುಂಚ ಹಿಡಿದು ತಾವೇ ಬರುವುದಾಗಿ ಹೇಳಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಹುಬ್ಬಳ್ಳಿ