ಅಂಕೋಲಾ ಬಸ್ಸಿನ ಅಕ್ಕೋರಿಗೆ

ಅಂಕೋಲಾದಿಂದ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಅಣ್ಣನನ್ನು ನೋಡಿ ಮೂಗು ಮುಚ್ಚಿಕೊಳ್ಳದವರು ನೀವೊಬ್ಬರೇ. "ಕುಡಿದು ಎಷ್ಟು ದಿನ ಆಯ್ತು?" ಅಂದಿರಿ. ಮೂರು ದಿನ ಅಂದೆ. "ಹಾಗಾದ್ರೆ ಈ ತೂರಾಟ ನಶೆಯದ್ದಲ್ಲ ತಮ್ಮಾ, ಕಣ್ಣುಗುಡ್ಡೆ ನೋಡು." ಹೌದು, ಅದು ಅದುರುತ್ತಿತ್ತು.

ತಿಂಗಳಿಂದ ಅವನ ಊಟವೆಂದರೆ ಕ್ವಾರ್ಟರ್ ಜೊತೆ ಎರಡು ತುಂಡು ಒಣ ಬಂಗಡೆ. ಗಂಜಿ ಇಟ್ಟರೆ ತಾಟು ತಳ್ಳುತ್ತಿದ್ದ. ತಿಂದ ಅಷ್ಟಿಷ್ಟರಲ್ಲಿರುವ ಬಿ1 ವಿಟಮಿನ್, ಅಂದರೆ ಥಯಾಮಿನ್ ಕೂಡ ಮೈಗೆ ಹತ್ತದಂತೆ ಮದ್ಯ ತಡೆಯುತ್ತದೆ, ಅದಿಲ್ಲದೆ ಮಿದುಳಿಗೇ ಪೆಟ್ಟು ಎಂದು ತಿಳಿದದ್ದು ನಿಮ್ಮಿಂದ. "ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್" ಎಂದು ಟಿಕೆಟ್ ಹಿಂದೆ ಬರೆದುಕೊಟ್ಟಿರಿ. ಡಾಕ್ಟರಿಗೆ ತೋರಿಸಿದೆ. ಮೊದಲು ಅದೇ ಇಂಜೆಕ್ಷನ್ ಬಂತು.

ಕಣ್ಣಿನ ಅದುರು ನಿಂತಿದೆ, ನಡಿಗೆ ಇನ್ನೂ ಪೂರ್ತಿ ಸರಿಯಾಗಿಲ್ಲ. ನಿನ್ನೆ ಗಂಜಿಗೆ ಉಪ್ಪು ಕಡಿಮೆ ಅಂತ ಬೈದ! ನೀವು ಬಿಣಗಾದಲ್ಲಿ ಇಳಿದಿರಿ, ಹೆಸರು ಕೇಳಲು ಮರೆತೆ. ಧನ್ಯವಾದ ಅಕ್ಕೋರೆ.